ರಾಗಿಯನ್ನು ಕಾಳಾಗಿಯೇ ಇಟ್ಟುಕೊಳ್ಳಿ

ಅಂಗಡಿಯಿಂದ ರಾಗಿ ಹಿಟ್ಟು ತರುವುದನ್ನು ಬಿಟ್ಟು ರಾಗಿಯನ್ನೇ ತನ್ನಿ ಎಂದು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತಲೇ ಇರುತ್ತೇನೆ. ಹಳೇ ಮೈಸೂರು ಸೀಮೆಯಲ್ಲಿ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ಅದೇ ಊರನ್ನು ಕಾಯುತ್ತಿತ್ತು. ಚೆನ್ನಾಗಿ ಒಣಗಿದ ಕಾಳಿಗೆ ಹುಳು ಸುಲಭವಾಗಿ ಹತ್ತುವುದಿಲ್ಲ. ಬೀಸಿದ ಮೇಲೆ ಹಾಗಲ್ಲ, ಕಾಳಿನೊಳಗಿನ ಜಿಡ್ಡು ಗಾಳಿಗೆ ಸಿಕ್ಕಿ ಹಿಟ್ಟು ಕಮಟುತ್ತದೆ, ಕಹಿಯಾಗುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೀಸಿಸಿ. ಅದಕ್ಕೆ ಮೊದಲು ನೀರಿನಲ್ಲಿ ಜಾಲಿಸಿ ಕಲ್ಲು, ಮರಳು ತೆಗೆದು ಒಣಗಿಸಿ. ಗಿರಣಿಗೆ ಹೋದ ಮೇಲೆ ಮರಳನ್ನು ಯಾವ ಜರಡಿಯೂ ತಡೆಯದು.

ಆರು ತಿಂಗಳು ತುಂಬಿದ ಮಗುವಿದ್ದರೆ ಮೊಳಕೆ ಹಿಟ್ಟು ಮಾಡಿಡಿ. ರಾಗಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಪೂರ್ತಿ ಬಸಿದು, ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದರೆ ಒಳಗೆ ಬಿಸಿಯಾಗಿ ಲೋಳೆ ಬರುತ್ತದೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಮೊಳೆಯುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕು. ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ, ಹಿಂದೆಮುಂದೆ ನೋಡದೆ ಎಲ್ಲವನ್ನೂ ಚೆಲ್ಲಿ. ಮೊಳೆತದ್ದನ್ನು ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಬೀಸಿ. ಮೊಳೆತ ಕಾಳು ತನ್ನ ಪಿಷ್ಟವನ್ನು ತಾನೇ ಒಡೆಯಲು ತೊಡಗಿರುತ್ತದೆ. ಹಾಗಾಗಿ ಹಿಟ್ಟು ತುಸು ಹೆಚ್ಚು ಹಾಕಿದರೂ ರಾಗಿ ಗಂಜಿ ಗಟ್ಟಿಯಾಗುವುದಿಲ್ಲ, ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. ಕಪ್ಪಾಗುವಂತೆ ಹುರಿದರೆ ಆ ಗುಣ ಹೋಗುತ್ತದೆ. ಸಕ್ಕರೆ ಬೆರೆಸಿದ ಡಬ್ಬಿಯ ಪುಡಿ ಇದಕ್ಕೆ ಸಾಟಿಯಲ್ಲ.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ, ಕುದಿ ಬಂದ ಮೇಲೆ ಉಳಿದದ್ದನ್ನು ಗುಡ್ಡೆಯಾಗಿ ಸುರಿಯಿರಿ. ಕೂಡಲೇ ಕೋಲು ಆಡಿಸಬೇಡಿ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲಿ. ಗಂಟು ಕಟ್ಟುವುದು ಹೆಚ್ಚಾಗಿ ಅವಸರದಿಂದಲೇ.

ಬಿಸಿಲ ದಿನಗಳಿಗೆ ಅಂಬಲಿಯೇ ಸೈ. ರಾತ್ರಿ ಹಿಟ್ಟು ಕದಡಿಟ್ಟು, ಹುಳಿ ಬಂದದ್ದನ್ನು ಬೆಳಿಗ್ಗೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿಯಿರಿ. ಪ್ರಯಾಣ ಹೊರಟವರಿಗೆ ಹುರಿಹಿಟ್ಟು ಕಟ್ಟಿಕೊಡಿ. ಬೆಲ್ಲ, ಕಾಯಿತುರಿ, ತುಸು ಹಾಲು ಸಿಕ್ಕರೆ ಒಲೆಯೇ ಬೇಡ.

ಹಸು ಕಟ್ಟಿದವರು ರಾಗಿ ಹುಲ್ಲನ್ನು ಮಳೆಗೆ ನೆನೆಯದಂತೆ ಮೆದೆ ಒಟ್ಟಿಕೊಳ್ಳಿ. ಭತ್ತದ ಹುಲ್ಲಿಗಿಂತ ಅದನ್ನೇ ಅವು ಆಸೆಯಿಂದ ಮೇಯುತ್ತವೆ.