ಕರಿದ ಗೊಂಜಾ: ಹಣ್ಣು ಆರಿಸೋದರಲ್ಲೇ ಅರ್ಧ ಕೆಲಸ

ಉಗಾಂಡಾ ರಾಜಧಾನಿ ಕಂಪಾಲಾದ ನಕಾಸೆರೊ ಮಾರ್ಕೆಟ್ಟಿನಲ್ಲಿ ಎಲ್ಲಿ ನೋಡಿದರೂ ಹಸಿರು ಬಾಳೆಗೊನೆಗಳು. ಅದು ಮಟೋಕೆ. ಬಾಳೆಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಹಿಸುಕಿ ಊಟಕ್ಕೆ ಬಡಿಸುತ್ತಾರೆ. ಸಂಜೆ ತಿಂಡಿಗೆ ಕರಿಯೋಕೆ ಅದು ಬೇಡ, ಗೊಂಜಾ ಕೇಳಿ. ಉದ್ದಕ್ಕೆ, ದಪ್ಪಕ್ಕೆ, ಏಣು ಎದ್ದು ಕಾಣುವ ಹಾಗೆ ಇರುತ್ತದೆ. ನಮ್ಮ ನೇಂದ್ರ ಬಾಳೆಯ ಬಳಗದ್ದೇ. ಕೀನ್ಯಾ, ಟಾಂಜಾನಿಯಾ ಕಡೆ ಇದೇ ತಿಂಡಿಗೆ ನ್ಡಿಜಿ ಕಾಂಗಾ ಅನ್ನುತ್ತಾರೆ.

ಸಿಪ್ಪೆ ಹಳದಿಯಾಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಬೇಕು, ಆದರೆ ಒಳಗೆ ಗಟ್ಟಿ ಇರಬೇಕು. ಹಸಿರಿದ್ದರೆ ಸಿಹಿಯೇ ಇರಲ್ಲ, ತೆಳ್ಳಗೆ ಹೆಚ್ಚಿ ಚಿಪ್ಸ್ ಮಾಡಿ. ಪೂರ್ತಿ ಕಪ್ಪಾಗಿದ್ದರೆ ಎಣ್ಣೆ ಕುಡಿಯುತ್ತದೆ, ಮಗುಚುವಾಗ ಮುರಿಯುತ್ತದೆ. ಗಟ್ಟಿ ಕಾಯಿ ಸಿಕ್ಕಿದರೆ ಚಿಂತೆ ಬೇಡ. ಹೊರಗೇ ಇಟ್ಟು ಹಣ್ಣಾಗಲು ಬಿಡಿ. ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಣ್ಣಾಗೋದೇ ಇಲ್ಲ.

ಎರಡೂ ತುದಿ ಕತ್ತರಿಸಿ. ಏಣಿನ ಉದ್ದಕ್ಕೂ ಚಾಕುವಿನಿಂದ ಸಿಪ್ಪೆಯನ್ನಷ್ಟೇ ಸೀಳಿ ಬಿಡಿಸಿ. ಕಿರುಬೆರಳ ದಪ್ಪಕ್ಕೆ ಓರೆಯಾಗಿ ಹೆಚ್ಚಿ. ಹಾಗೆ ಹೆಚ್ಚಿದರೆ ಹೋಳು ಅಗಲವಾಗಿ ಬರುತ್ತದೆ, ಕೆಂಪಗಾಗೋ ಜಾಗ ಜಾಸ್ತಿ. ಈಗಲೇ ಉಪ್ಪು ಹಾಕಬೇಡಿ, ನೀರು ಬಿಡುತ್ತದೆ, ಎಣ್ಣೆ ಸಿಡಿಯುತ್ತದೆ.

ಅಗಲ ಬಾಣಲೆಯಲ್ಲಿ ಅರ್ಧ ಇಂಚು ಸೂರ್ಯಕಾಂತಿ ಎಣ್ಣೆ ಸಾಕು. ಚೂರು ಹಣ್ಣು ಹಾಕಿ ನೋಡಿ. ಸುತ್ತ ಸಣ್ಣ ಗುಳ್ಳೆ ತಕ್ಷಣ ಎದ್ದರೆ ಎಣ್ಣೆ ಕಾದಿದೆ. ಉರಿ ಮಾತ್ರ ಮಧ್ಯಮ. ಹಣ್ಣಿನಲ್ಲಿ ಸಕ್ಕರೆ ಇದೆಯಲ್ವಾ, ಉರಿ ಜೋರಾದರೆ ಹೊರಗೆ ಸೀದುಹೋಗಿ ಒಳಗೆ ಹಸಿ ಉಳಿಯುತ್ತದೆ. ಹೋಳುಗಳು ಒಂದಕ್ಕೊಂದು ತಾಗದಂತೆ ಬಿಡಿ. ಮೊದಲ ಎರಡು ನಿಮಿಷ ಸುಮ್ನೆ ಇರಿ, ಕೆದಕಬೇಡಿ. ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿದಾಗ ಮಗುಚಿ. ಇನ್ನೊಂದು ಬದಿಗೆ ಅಷ್ಟು ಹೊತ್ತು ಬೇಡ. ಪೂರ್ತಿ ಕಂದು ಆಗುವ ಮುಂಚೆಯೇ ತೆಗೆಯಿರಿ, ಹೊರಗೆ ಬಂದ ಮೇಲೂ ಬಣ್ಣ ಒಂಚೂರು ಏರುತ್ತದೆ. ತೆಗೆದವನ್ನು ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಮೆತ್ತಗಾಗುತ್ತವೆ. ಜಾಲರಿಯ ಮೇಲೆ ಹರಡಿ.

ಉಪ್ಪು ಬಿಸಿ ಇರುವಾಗಲೇ ಉದುರಿಸಿ. ಮೊಂಬಾಸಾ ಕಡೆಯ ನಮ್ಮ ಪಕ್ಕದ ಮನೆಯವರು ಮೆಣಸಿನ ಪುಡಿ ಹಾಕಿ ನಿಂಬೆ ಹಿಂಡುತ್ತಾರೆ. ನನಗೂ ಈಗ ಅದೇ ರುಚಿ. ಸಕ್ಕರೆ ಉದುರಿಸೋರೂ ಇದ್ದಾರೆ, ಹಣ್ಣು ಸರಿಯಾಗಿ ಮಾಗಿದ್ದರೆ ಅದು ಯಾಕೆ ಬೇಕು ಅಂತ ನನಗಂತೂ ಗೊತ್ತಾಗಿಲ್ಲ. ಜೊತೆಗೆ ಹಾಲು ಹಾಕಿ ಕುದಿಸಿದ ಚಹಾ ಇರಲಿ.

ಎಣ್ಣೆ ಬೇಡ ಅನ್ನೋರು ಸಿಪ್ಪೆ ತೆಗೆದ ಇಡೀ ಗೊಂಜಾವನ್ನೇ ಕೆಂಡದ ಮೇಲೆ ಸುಡಬಹುದು. ಕಂಪಾಲಾ–ಜಿಂಜಾ ರಸ್ತೆಯ ನಮವೊಜ್ಜೊಲೊದಲ್ಲಿ ಬಸ್ಸು ನಿಂತರೆ ಸಾಕು, ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಯ ಜೊತೆ ಸುಟ್ಟ ಗೊಂಜಾ ಕಿಟಕಿಗೇ ಬರುತ್ತದೆ. ಮನೆಯಲ್ಲಾದರೆ ಸಿಗಿರಿಯಲ್ಲಿ, ಅಂದರೆ ಇದ್ದಿಲ ಒಲೆಯಲ್ಲಿ, ಕೆಂಡ ಬೂದಿ ಕಟ್ಟಿದ ಮೇಲೆ ಇಟ್ಟು ತಿರುಗಿಸುತ್ತಾ ಇರಿ. ಇದಕ್ಕೆ ಹಣ್ಣು ಇನ್ನೂ ಸ್ವಲ್ಪ ಗಟ್ಟಿ ಇದ್ದರೇ ಒಳ್ಳೆಯದು.