ಬರ ಮೊದಲು ತಟ್ಟುವುದು ಯಾರ ಹೊಲಕ್ಕೆ? ಅಳೆದು ನೋಡಿ

ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿನ ಸೀಮೆಯಲ್ಲಿ ಒಂದೇ ಪ್ರಮಾಣದ ಮಳೆ ಬಿದ್ದರೂ ದಿಣ್ಣೆಯ ಮೇಲಿನ ರಾಗಿ ಸುಳಿ ಸುತ್ತಿಕೊಂಡಿರುತ್ತದೆ, ಹಳ್ಳದ ಪಕ್ಕದ್ದು ಹಸಿರಾಗಿರುತ್ತದೆ. ಹವಾಮಾನ ಕೆಟ್ಟಾಗ ಏಟು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಸುಮಾರು 500 ಹೆಕ್ಟೇರಿನ ಒಂದು ಕಿರು ಜಲಾನಯನದಲ್ಲಿ, ಅಂದರೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಇಳಿಯುವ ಜಾಗದಲ್ಲಿ, ಮೊದಲು ಪೆಟ್ಟು ತಿನ್ನುವವರು ಯಾರೆಂದು ಊರಿನವರೇ ಕಂಡುಕೊಳ್ಳಬಹುದು. ಮುಂಗಾರಿಗೆ ಮುನ್ನ, ಹೊಲ ಖಾಲಿ ಇರುವಾಗ ಕೆಲಸ ಮುಗಿಸಿ.

ನಡೆದು ನೋಡಿ. ಸರ್ವೆ ನಂಬರ್ ಇರುವ ಗ್ರಾಮ ನಕ್ಷೆ ಹಿಡಿದು ದಿಣ್ಣೆಯಿಂದ ಹಳ್ಳದವರೆಗೆ ಇಳಿಯಿರಿ. ಕುರಿ ಮೇಯಿಸುವವರನ್ನೂ ಮೇವು, ನೀರು ಹೊರುವ ಹೆಂಗಸರನ್ನೂ ಕರೆದುಕೊಳ್ಳಿ. ನೀರು ಎಲ್ಲಿ ನುಗ್ಗುತ್ತದೆ, ಯಾವ ಬದು ಒಡೆಯುತ್ತದೆ ಎಂಬುದು ಪಂಚಾಯಿತಿ ಕಡತಕ್ಕಿಂತ ಅವರಿಗೇ ಚೆನ್ನಾಗಿ ಗೊತ್ತು.

ಗುಂಡಿ ತೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಇಳಿಜಾರಿನ ಮೇಲೆ, ನಡುವೆ, ಕೆಳಗೆ ಒಂದೊಂದು ಗುಂಡಿ. ಅಗಲ ಎರಡಡಿ ಸಾಕು. ಹಾರೆ ಠಣ್ಣೆಂದು ಗರಸಿಗೆ (ಮಣ್ಣಿನಡಿಯ ಗಟ್ಟಿ ಕಲ್ಲುಪದರಕ್ಕೆ) ತಾಗುವವರೆಗೆ ತೋಡಿ, ಮೇಲಿನಿಂದ ಅಳತೆ ಹಿಡಿಯಿರಿ. 30 ಸೆಂ.ಮೀ. ಆಳದ ಮರಳುಮಿಶ್ರಿತ ಕೆಂಪು ಮಣ್ಣು ಬೆಳೆಗೆ ಒದಗಿಸುವ ನೀರು ಹೆಚ್ಚುಕಡಿಮೆ 30 ಮಿ.ಮೀ. ಬೆಳೆದು ನಿಂತ ಪೈರು ದಿನಕ್ಕೆ 4–5 ಮಿ.ಮೀ. ಹೀರುತ್ತದೆ. ಅಂದರೆ ಮಳೆ ಕೈಕೊಟ್ಟ ಆರೇಳು ದಿನಕ್ಕೆ ಬುಡ ಒಣಗಿತು. ಅದೇ ಮಣ್ಣು 90 ಸೆಂ.ಮೀ. ಇದ್ದರೆ ಮೂರು ವಾರದ ಹತ್ತಿರಕ್ಕೆ ತಾಳುತ್ತದೆ. ಬದುವಿನ ಒತ್ತಿಗೆ ಮಾತ್ರ ತೋಡಬೇಡಿ. ಅಲ್ಲಿ ಕೊಚ್ಚಿ ಬಂದ ಮಣ್ಣು ಕೂತಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ.

ಮಳೆ ಬಿಡುವು ಕೊಟ್ಟ ದಿನ ಎಣಿಸಿ. ವರ್ಷದ ಒಟ್ಟು ಮಳೆ ನೋಡಿ ಪ್ರಯೋಜನವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ದಿನವಾರು ಲೆಕ್ಕ ಪಡೆಯಿರಿ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದದ್ದನ್ನು ಮಳೆಯ ದಿನವೆಂದು ಹಿಡಿಯಬೇಡಿ. ಹುಬ್ಬೆ, ಉತ್ತರೆ ಮಳೆಗಳ ಹೊತ್ತಿಗೆ (ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ), ರಾಗಿ ತೆನೆ ಕಟ್ಟುವ ಆಸುಪಾಸಿನಲ್ಲಿ, ಗುಂಡಿ ತೋರಿಸಿದ ದಿನಗಳಿಗಿಂತ ಉದ್ದದ ಬಿಡುವು ಎಷ್ಟು ವರ್ಷ ಬಂದಿದೆ? ಹತ್ತರಲ್ಲಿ ನಾಲ್ಕು ವರ್ಷ ಬಂದಿದ್ದರೆ ನಕ್ಷೆಯಲ್ಲಿ ಆ ಹೊಲಕ್ಕೆ ಕೆಂಪು ಬಣ್ಣ.

ಮನೆ ಲೆಕ್ಕ. ಕೊಳವೆಬಾವಿ ಇದೆಯೇ, ಬೇಸಿಗೆಯಲ್ಲಿ ನೀರು ಎತ್ತುತ್ತದೆಯೇ? ಮೇವು ಎಷ್ಟು ತಿಂಗಳಿಗಿದೆ? ಕೈಸಾಲ ಎಷ್ಟು? ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳಲು ಮರೆಯಬೇಡಿ. ಬೇರೆಯವರ ಹೊಲವನ್ನು ವಾರಕ್ಕೆ (ಬೆಳೆಯಲ್ಲಿ ಪಾಲು ಕೊಟ್ಟು) ಮಾಡುವವರ ಬೆಳೆ ಹೋದರೂ ಪರಿಹಾರ ಸಾಮಾನ್ಯವಾಗಿ ಭೂಮಾಲೀಕರ ಖಾತೆಗೇ ಸೇರುತ್ತದೆ. ಉತ್ತರಗಳನ್ನು ಕೂಡಿಸಿ ಊರಿಗೊಂದು ಸರಾಸರಿ ತೆಗೆಯುವ ಚಟ ಬೇಡ. ಸರಾಸರಿಯಲ್ಲಿ ದಿಣ್ಣೆಯ ಬಡವ ಕಾಣುವುದಿಲ್ಲ. ಹೊಲವೂ ಕೆಂಪು, ಮನೆಯಲ್ಲೂ ನೀರು, ಮೇವು, ಹಣದ ಕೊರತೆ ಇರುವವರ ಪಟ್ಟಿ ಬೇರೆ ಬರೆಯಿರಿ. ಕೆಲಸ ಅಲ್ಲಿಂದ ಶುರು.

ಮೇಲಿನಿಂದ ಕೆಳಕ್ಕೆ. ದಿಣ್ಣೆಯಲ್ಲಿ ಕಂದಕ, ಬದು ಮೊದಲು. ಹಳ್ಳದ ತಡೆಅಣೆ ಕೊನೆಗೆ. ತಿರುವುಮುರುವಾದರೆ ಕೆಲವೇ ಮಳೆಗಾಲದಲ್ಲಿ ಅಣೆ ಹೂಳು ತುಂಬಿ ಕೂರುತ್ತದೆ.

ಕೃಷಿ ಹೊಂಡದ ಲೆಕ್ಕವನ್ನು ಮುಂಚೆಯೇ ಹಾಕಿ. ಬಾಯಿ 10×10 ಮೀ., ಆಳ 3 ಮೀ., ಬದಿ 1:1 ಇಳಿಜಾರಾದರೆ (ಒಂದು ಮೀಟರ್ ಇಳಿದಂತೆ ಒಂದು ಮೀಟರ್ ಒಳಕ್ಕೆ) ಹಿಡಿಯುವುದು ಸುಮಾರು 1.5 ಲಕ್ಷ ಲೀಟರ್. ಎಕರೆಗೆ 25 ಮಿ.ಮೀ.ನಷ್ಟು ಒಂದು ಸಲ ಹಾಯಿಸಲು 1 ಲಕ್ಷ ಲೀಟರ್ ಬೇಕು. ಹಾಗಾಗಿ ಹೊಂಡ ಕಾಯುವುದು ಒಂದೂವರೆ ಎಕರೆಯನ್ನು, ಅದೂ ಒಂದೇ ಸಲ. ಅದನ್ನು ನಂಬಿ ಅಡಿಕೆ ಇಡಬೇಡಿ. ನೀರು ಒಳಬರುವ ಬಾಯಿಗೆ ಕಲ್ಲು ಹಾಸಿ, ಅದರ ಮುಂದೆ 2×2 ಮೀ. ಅಗಲ, 1 ಮೀ. ಆಳದ ಹೂಳುಗುಂಡಿ ತೆಗೆಯಿರಿ. ಟಾರ್ಪಾಲಿನ್ ಹಾಸಿದ ಹೊಂಡದ ಬದಿ ಪಾಚಿಗೆ ಜಾರುತ್ತದೆ, ಬಿದ್ದವರು ಹತ್ತಲಾರರು. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಟ್ಟ ಮೇಲೆಯೇ ನೀರು ತುಂಬಲು ಬಿಡಿ.