ಹಳೆ ಕಾರು: ಬಿಡಿಭಾಗ ಸಿಗುವವರೆಗೆ ಕೆಡದಂತೆ ಕಾಯುವುದು ಹೇಗೆ?

ಬಣ್ಣ ಮಾಸಿ, ಸೀಟು ಹರಿದು, ಅಲ್ಲಲ್ಲಿ ತುಕ್ಕು ತಿಂದ ಹಳೆ ಕಾರು ಕೈಗೆ ಬಂದರೆ ಪೂರ್ತಿ ಬಿಚ್ಚಿ ಹೊಸದು ಮಾಡಿಬಿಡೋಣ ಅನ್ನಿಸುವುದು ಸಹಜ. ಹಾಗೆ ಬಿಚ್ಚಿದ ಎಷ್ಟೋ ಕಾರುಗಳು ಮತ್ತೆ ಜೋಡಣೆಯಾಗುವುದೇ ಇಲ್ಲ. ಬಿಡಿಭಾಗ ಸಿಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವಕ್ಕೆ ವರ್ಷಗಳೇ ಬೇಕು. ಅಷ್ಟರಲ್ಲಿ ಕ್ಲಿಪ್ಪು, ಬ್ರಾಕೆಟ್ಟು, ವಾಷರ್ ಒಂದೊಂದಾಗಿ ಕಳೆದುಹೋಗುತ್ತವೆ, ಯಾವುದು ಎಲ್ಲಿತ್ತೆಂಬುದೂ ಮರೆತುಹೋಗುತ್ತದೆ. ಕೆಟ್ಟ ಭಾಗ ಕೈಯಲ್ಲಿದ್ದರೆ ಅದರ ಅಳತೆ ತೆಗೆದು ಬದಲಿ ಹುಡುಕಬಹುದು, ಮಾಡಿಸಲೂಬಹುದು. ಭಾಗವೇ ಇಲ್ಲದಿದ್ದರೆ ಏನು ಕೇಳಬೇಕೆಂಬುದೂ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಕೆಡುವುದನ್ನು ನಿಲ್ಲಿಸಿ, ಆಮೇಲೆ ಬೇಕಾದ್ದನ್ನು ಪಟ್ಟಿ ಮಾಡಿ. ಬದಲಿ ಭಾಗ ಕೈಗೆ ಬಂದು, ಹಳೆಯದರ ಪಕ್ಕ ಇಟ್ಟು ನೋಡಿದ ಮೇಲಷ್ಟೇ ಆ ಜಾಗಕ್ಕೆ ಸ್ಪ್ಯಾನರ್ ಹಾಕಿ.

ತೇವ ಮತ್ತು ತುಕ್ಕು

ಮೊದಲ ಕೆಲಸ ತೊಳೆಯುವುದು, ಅದೂ ಕೆಳಗಿನಿಂದ. ಚಕ್ರದ ಗೂಡುಗಳಲ್ಲಿ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡಿನ ಸಂದಿಯಲ್ಲಿ ಮೆತ್ತಿಕೊಂಡ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತಿರುತ್ತದೆ. ಬಾಗಿಲುಗಳ ತಳದಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ತೆಳು ಕಡ್ಡಿಯಿಂದ ಚುಚ್ಚಿ ಬಿಡಿಸಿ. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಯ ಜಾಲರಿಯೊಳಗೆ ಎಲೆ ಕಸ ತುಂಬಿದ್ದರೆ ಮಳೆ ನೀರು ಹೊರಗೆ ಹೋಗುವ ಬದಲು ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ನೆಲದ ತಗಡು ಕೆಳಗಿನಿಂದ ಕೊಳೆಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಎಷ್ಟೋ ಸಲ ಅದು ಕಾರ್ಪೆಟ್ಟಿನ ಅಡಿಯಿಂದ, ಮೇಲಿನಿಂದ ಕೊಳೆತಿರುತ್ತದೆ. ಕಾರ್ಪೆಟ್ಟು ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಅಡಿಯ ದಪ್ಪ ಫೆಲ್ಟು ಒದ್ದೆಯಾಗಿಯೇ ಇರುತ್ತದೆ. ಎರಡನ್ನೂ ತೆಗೆದು ಬೇರೆ ಇಡಿ, ಬಾಗಿಲು ತೆರೆದಿಟ್ಟು ಗಾಳಿಯಾಡುವ ಜಾಗದಲ್ಲಿ ಎರಡು ಮೂರು ದಿನ ಒಣಗಿಸಿ.

ಒಣಗಿದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಬನ್ನಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಮೊನೆಯಿಂದ ಒತ್ತಿ ನೋಡಿ. ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಸ್ಟಿಯರಿಂಗ್ ಬಾಕ್ಸ್ ಹಿಡಿದ ಜಾಗ, ಇವುಗಳಲ್ಲಿ ಎಲ್ಲೇ ಮೊನೆ ಒಳಹೊಕ್ಕರೂ ವೆಲ್ಡಿಂಗ್ ಆಗುವವರೆಗೆ ಕಾರು ರಸ್ತೆಗೆ ಇಳಿಯಬಾರದು. ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ರಿಪೇರಿಯಲ್ಲ, ಮುಚ್ಚಿಡುವುದು.

ಮೇಲ್ಮೈ ತುಕ್ಕಿಗೆ ತಂತಿ ಬ್ರಷ್ ಹಾಕಿ, ಪದರವಾಗಿ ಏಳುವುದನ್ನೆಲ್ಲ ಉದುರಿಸಿ, ಜಿಡ್ಡು ಒರೆಸಿ. ಉಳಿದ ತೆಳು ಗಟ್ಟಿ ತುಕ್ಕಿನ ಮೇಲೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ, ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮೇಲೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ದಪ್ಪ ಪದರದ ತುಕ್ಕಿನ ಮೇಲೆ ಕನ್ವರ್ಟರ್ ಕೆಲಸ ಮಾಡುವುದಿಲ್ಲ: ಮೇಲ್ಪದರ ಕಪ್ಪಾಗುತ್ತದೆ, ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ಮುಂದುವರಿಯುತ್ತದೆ. ಸಾಮಾನ್ಯ ಬೂದು ಪ್ರೈಮರ್ ಒಂದನ್ನೇ ಹೊಡೆದು ತಿಂಗಳುಗಟ್ಟಲೆ ಬಿಡುವುದೂ ಬೇಡ, ಅದು ತೇವ ಹೀರುತ್ತದೆ. ಟೊಳ್ಳು ಭಾಗಗಳಿಗೆ ನೀರಿನ ತೂತಿನ ಮೂಲಕ ತೆಳು ನಳಿಕೆ ತೂರಿಸಿ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ; ಮುಗಿದ ಮೇಲೆ ಆ ತೂತುಗಳನ್ನು ಮತ್ತೆ ಚುಚ್ಚಿ ಬಿಡಿಸುವುದನ್ನು ಮರೆಯಬೇಡಿ. ಅಡಿಯ ಹಳೆ ಟಾರಿನ ಲೇಪ ಅಂಟಿಕೊಂಡಿರುವ ಕಡೆ ಹಾಗೇ ಬಿಡಿ, ಎದ್ದಿರುವ ಕಡೆ ಕೆರೆದು ತೆಗೆಯಿರಿ. ಎದ್ದ ಲೇಪದ ಮೇಲೆ ಹೊಸದನ್ನು ಬಳಿದರೆ ನೀರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಸುಟ್ಟ ಎಂಜಿನ್ ಆಯಿಲನ್ನು ಅಡಿಗೆ ಬಳಿಯುವ ಅಭ್ಯಾಸವೂ ಇದೆ. ಅದರಲ್ಲಿ ಆಮ್ಲದ ಅಂಶ ಇರುತ್ತದೆ, ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ನೆಲಕ್ಕೆ ತೊಟ್ಟಿಕ್ಕುವುದು ಬೇರೆ. ಬೇಡವೇ ಬೇಡ.

ಮಾಸಿದ ಬಣ್ಣವನ್ನು ಹಾಗೇ ಉಳಿಸಿಕೊಳ್ಳುವುದಾದರೆ ತೊಳೆದು ಮೇಣ ಹಚ್ಚಿದರೆ ಸಾಕು. ಕಾಂಪೌಂಡ್ ಹಾಕಿ ಉಜ್ಜಿದರೆ ಅಂಚುಗಳಲ್ಲಿ ಉಳಿದಿರುವ ತೆಳು ಬಣ್ಣವೂ ಹೋಗಿ ತಗಡು ಕಾಣುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣ ಮರಳು ಕಾಗದದಿಂದ ಉಜ್ಜಬೇಡಿ.

ಪ್ಲಾಸ್ಟಿಕ್ ತಾಡಪಾಲನ್ನು ಕಾರಿಗೆ ತಾಗುವಂತೆ ಹೊದಿಸಿದರೆ ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ, ಅಥವಾ ಬದಿಗಳು ತೆರೆದ ಒಂದು ಮಾಡು ಅದಕ್ಕಿಂತ ಎಷ್ಟೋ ಮೇಲು. ನೆಲದಿಂದ ತೇವ ಏಳುತ್ತಿದ್ದರೆ ಕಾರಿನಡಿ ದಪ್ಪ ಪಾಲಿಥೀನ್ ಹಾಸಿ. ಗಾಳಿಯ ತೇವಾಂಶ 50 ಶೇಕಡಾದೊಳಗಿದ್ದರೆ ಚಿಂತೆಯಿಲ್ಲ. 60 ದಾಟಿತೆಂದರೆ ಉಕ್ಕಿನ ಮೇಲೆ ತುಕ್ಕು ವೇಗ ಪಡೆಯುತ್ತದೆ. ಇಲಿಗಳಿಗೆ ವೈರಿನ ಹೊದಿಕೆ, ಸೀಟಿನ ನಾರು ಎರಡೂ ಇಷ್ಟ. ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರ್ ಬಾಯಿಗೂ 6 ಮಿ.ಮೀ.ಗಿಂತ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಕಟ್ಟಿದ್ದೇವೆಂದು ಸ್ಟಿಯರಿಂಗ್ ಮೇಲೆ ಚೀಟಿ ತೂಗುಹಾಕಿ.

ಎಂಜಿನ್: ಸುಮ್ಮನೆ ಸ್ಟಾರ್ಟ್ ಮಾಡಬೇಡಿ

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಂಜಿನ್ ಚೆನ್ನಾಗಿರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ಆವಿ ಹೊರಗೆ ಹೋಗದೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರಾಗಿ ಉಳಿಯುತ್ತದೆ. ಚೋಕ್ ಎಳೆದಾಗಿನ ಹೆಚ್ಚುವರಿ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ. ಓಡಿಸಲಾಗುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲವಾದರೆ ಸ್ಟಾರ್ಟೇ ಮಾಡಬೇಡಿ.

ನಿಲ್ಲಿಸಿಡುವ ಮುನ್ನ ಎಂಜಿನ್ ಬಿಸಿ ಮಾಡಿ ಆಯಿಲ್, ಫಿಲ್ಟರ್ ಬದಲಿಸಿ. ಹಳೆ ಆಯಿಲಿನ ಆಮ್ಲ ಬೇರಿಂಗನ್ನು ತಿನ್ನುತ್ತದೆ. ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಮೂರು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಹಾಕಿ. ತಿಂಗಳಿಗೊಮ್ಮೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎರಡೂಕಾಲು ಸುತ್ತು ತಿರುಗಿಸಿ. ಆ ಕಾಲು ಸುತ್ತಿನಿಂದ ಪ್ರತಿ ಸಲವೂ ಬೇರೆ ವಾಲ್ವುಗಳ ಸ್ಪ್ರಿಂಗ್ ಒತ್ತಿ ನಿಲ್ಲುತ್ತದೆ. ಅದೇ ಹೊತ್ತಿಗೆ ಕ್ಲಚ್ ಪೆಡಲನ್ನೂ ಹತ್ತಾರು ಸಲ ಒತ್ತಿ, ಇಲ್ಲವಾದರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಹಿಡಿದುಕೊಳ್ಳುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸ್ಟಾರ್ಟರ್ ಹಚ್ಚಬೇಡಿ. ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ಸಿಲಿಂಡರಿಗೆ 20ರಿಂದ 30 ಮಿ.ಲೀ. ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಬೆಂಕಿ ಹತ್ತಿರ ಸುಳಿಯಬಾರದು. ಆಮೇಲೆ ಸ್ಪ್ಯಾನರಿನಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ದ್ರವ ಒಳಗಿರುವಾಗಲೇ ಪ್ಲಗ್ ಹಾಕಿ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ದ್ರವ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ.

ಪೆಟ್ರೋಲು ಮೂರರಿಂದ ಆರು ತಿಂಗಳಲ್ಲಿ ಕೆಡುತ್ತದೆ. ಎಥನಾಲ್ ಬೆರೆತದ್ದಾದರೆ ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರಿನ ಪದರ ಕಟ್ಟಬಹುದು. ಬೇಗ ಓಡಿಸುವ ಅಂದಾಜಿದ್ದರೆ ಪೆಟ್ರೋಲು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಓಡಿಸಿದರೆ ಅದು ಕಾರ್ಬ್ಯುರೇಟರಿಗೂ ತಲುಪುತ್ತದೆ. ಇಲ್ಲವಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರ್ ಬಟ್ಟಲನ್ನೂ ಖಾಲಿ ಮಾಡಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ ಸಿಡಿಯುವಂಥದ್ದು, ಅದಕ್ಕೆ ವೆಲ್ಡಿಂಗ್ ಕಿಡಿ ತಾಗಬಾರದು.

ರೇಡಿಯೇಟರಿನಲ್ಲಿ ಬರಿ ನೀರಿದ್ದರೆ ಹೊರಹಾಕಿ, ಕೂಲಂಟ್ ಮತ್ತು ಶುದ್ಧೀಕರಿಸಿದ ನೀರನ್ನು ಅರ್ಧಕ್ಕರ್ಧ ಬೆರೆಸಿ ತುಂಬಿ. ಅದರ ರುಚಿ ಸಿಹಿ, ಆದರೆ ವಿಷ. ನಾಯಿ ಬೆಕ್ಕು ನೆಕ್ಕದಂತೆ ನೋಡಿಕೊಳ್ಳಿ. ಬ್ರೇಕ್ ಆಯಿಲ್ ತೇವ ಹೀರಿ, ಚಕ್ರದಲ್ಲಿ ಬ್ರೇಕ್ ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ಒಳಮೈಯನ್ನು ತುಕ್ಕುಗುಳಿ ಮಾಡುತ್ತದೆ, ಆದ್ದರಿಂದ ಕಾರು ನಿಂತೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಕೆಲವು ಹಳೆ ಕಾರುಗಳಲ್ಲಿ ಖನಿಜ ಎಣ್ಣೆ ಬಳಸುತ್ತಾರೆ. ಅದಕ್ಕೆ ಡಾಟ್ 4 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಹಾಳು. ಮುಚ್ಚಳದ ಮೇಲಿನ ಬರಹ ಓದಿ ಹಾಕಿ. ಹ್ಯಾಂಡ್ ಬ್ರೇಕ್ ಎಳೆಯದೆ ಸಡಿಲ ಬಿಟ್ಟು, ಚಕ್ರಕ್ಕೆ ಅಡ್ಡ ಕಟ್ಟಿಗೆ ತುಂಡು ಕೊಡಿ.

ಬ್ಯಾಟರಿ ಬಿಚ್ಚಿ ಬೇರೆ ಇಡಿ. ಕಾರಿನ ಮೈಗೆ ತಾಗಿರುವ ಅರ್ಥ್ ತಂತಿಯನ್ನು ಮೊದಲು ತೆಗೆಯಬೇಕು, ಕೊನೆಗೆ ಹಾಕಬೇಕು; ಕೆಲವು ಹಳೆ ಕಾರುಗಳಲ್ಲಿ ಅದು ಪಾಸಿಟಿವ್ ಎಂಬುದು ನೆನಪಿರಲಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.4ಕ್ಕಿಂತ ಕೆಳಗಿಳಿದರೆ ತಡಮಾಡದೆ ಚಾರ್ಜ್ ಮಾಡಿ, ಇಲ್ಲವಾದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ.

ಏನು ಬೇಕೆಂದು ನಿಖರವಾಗಿ ತಿಳಿಯುವುದು

ಇಂಥ ವರ್ಷದ ಇಂಥ ಮಾಡೆಲ್ ಎಂದಷ್ಟೇ ಹೇಳಿ ಭಾಗ ಕೇಳಿದರೆ ತಪ್ಪು ಭಾಗ ಬರುವ ಸಾಧ್ಯತೆಯೇ ಹೆಚ್ಚು. ಕಂಪನಿಗಳು ವರ್ಷದ ನಡುವೆಯೇ ಭಾಗ ಬದಲಿಸುತ್ತಿದ್ದವು. ಮೇಲಾಗಿ ಹಿಂದಿನ ಯಾರೋ ಎಂಜಿನ್ನನ್ನೋ ಆಕ್ಸಲ್ಲನ್ನೋ ಬದಲಿಸಿರಬಹುದು. ಚಾಸಿಸ್ ನಂಬರ್, ಎಂಜಿನ್ ನಂಬರ್, ಗೇರ್ ಬಾಕ್ಸ್ ನಂಬರ್, ಕಾರ್ಬ್ಯುರೇಟರ್ ಮತ್ತು ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಮೇಲಿನ ನಂಬರ್ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಎರಕದಲ್ಲೇ ಉಬ್ಬಿ ಬಂದ ನಂಬರ್ ಹೆಚ್ಚಾಗಿ ಅಚ್ಚಿನ ನಂಬರ್, ಪಾರ್ಟ್ ನಂಬರ್ ಅಲ್ಲ. ಒಂದೇ ಎರಕವನ್ನು ಬೇರೆ ಬೇರೆಯಾಗಿ ಕೊರೆದು ಎರಡು ಮೂರು ಭಾಗ ಮಾಡಿರುತ್ತಾರೆ. ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕರೆ ಬಿಡಬೇಡಿ. ಕಂಪನಿ ನಂತರ ನಂಬರ್ ಬದಲಿಸಿದ್ದರೆ ಹಳೆಯದು, ಹೊಸದು ಎರಡನ್ನೂ ಹೇಳಿ ಕೇಳಿ.

ಎಷ್ಟೋ ಭಾಗಗಳು ಆ ಕಾರಿಗೆಂದೇ ಮಾಡಿದವಲ್ಲ. ಬೇರಿಂಗ್ ಮೇಲೆ 6204 ಎಂದಿದ್ದರೆ ಅದು 20 ಮಿ.ಮೀ. ಒಳವ್ಯಾಸ, 47 ಹೊರವ್ಯಾಸ, 14 ದಪ್ಪದ ಬೇರಿಂಗ್. ಪಂಪಿನಲ್ಲೂ ಮೋಟರಿನಲ್ಲೂ ಅದೇ ಇರುತ್ತದೆ. ಆಯಿಲ್ ಸೀಲ್ ಮೇಲಿನ 25-40-7 ಎಂದರೆ ಶಾಫ್ಟು, ಗೂಡು, ದಪ್ಪ. ಬೇರಿಂಗ್ ಅಂಗಡಿಯಲ್ಲಿ ಕಾರಿನ ಹೆಸರು ಹೇಳದೆ ನಂಬರ್ ಹೇಳಿದರೆ ಕೆಲಸ ಬೇಗ ಆಗುತ್ತದೆ. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಸೀಲಿನ ತುಟಿ ಸವೆದಿರುವುದರಿಂದ ಶಾಫ್ಟನ್ನೇ ಅಳೆಯುವುದು ಸರಿ.

ಹೆಚ್ಚು ಜನ ಎಡವುವುದು ಥ್ರೆಡ್ಡಿನಲ್ಲಿ. 5/16 ಇಂಚಿನ ಬೋಲ್ಟು 7.94 ಮಿ.ಮೀ., ಮೆಟ್ರಿಕ್ ಅಳತೆಯ ಎಂ8 ಬೋಲ್ಟು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಇಂಚಿನದು ಯುಎನ್‌ಎಫ್ ಎಂಬ ಸಣ್ಣ ಹಲ್ಲಿನ ಬಗೆಯಾದರೆ ಇಂಚಿಗೆ 24 ಹಲ್ಲು, ಎಂ8ರಲ್ಲಿ ಹಲ್ಲಿನ ಅಂತರ 1.25 ಮಿ.ಮೀ., ಅಂದರೆ ಇಂಚಿಗೆ 20ರ ಆಸುಪಾಸು. ಒಂದರ ತೂತಿಗೆ ಇನ್ನೊಂದನ್ನು ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ, ಬಲ ಹಾಕಿದರೆ ಎರಕದ ಥ್ರೆಡ್ಡೇ ಕಿತ್ತುಬರುತ್ತದೆ. ಬ್ರೇಕ್ ಪೈಪಿನಲ್ಲಿ ಇದು ಇನ್ನೂ ಅಪಾಯ: 3/8 ಇಂಚಿನ 24 ಹಲ್ಲಿನ ನಟ್ಟು ಎಂ10ರ 1 ಮಿ.ಮೀ. ಅಂತರದ ತೂತಿಗೆ ಸಡಿಲವಾಗಿ ಹೋಗಿ, ಬಿಗಿಯಾದಂತೆ ತೋರಿ, ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತುಬರಬಹುದು. ಪೈಪಿನ ತುದಿಯ ಆಕಾರದಲ್ಲೂ ಎರಡು ಬಗೆ, ಬುಗುಟಿನಂತೆ ಉಬ್ಬಿದ್ದು ಮತ್ತು ಒಳಕ್ಕೆ ಮಡಿಚಿದ್ದು. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಲ್ಲಿನ ಅಂತರ ನೋಡುವ ಥ್ರೆಡ್ ಗೇಜ್ ಒಂದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಯಾವುದು ಹಳೆಯದು ಸಾಕು, ಯಾವುದು ಹೊಸದೇ ಬೇಕು

ಗಾಜು, ಬಾಗಿಲ ಹಿಡಿ, ಸೀಟಿನ ಚೌಕಟ್ಟು, ಬಂಪರ್, ಬಾನೆಟ್ಟು, ಗೇರ್ ಬಾಕ್ಸ್ ಇವನ್ನು ಗುಜರಿ ಕಾರಿನಿಂದ ಧೈರ್ಯವಾಗಿ ತರಬಹುದು. ತರುವಾಗ ಅದರ ನಟ್ಟು, ಬ್ರಾಕೆಟ್ಟು, ಅಡಿಯ ಪ್ಯಾಕಿಂಗ್ ಸಮೇತ ತನ್ನಿ. ಬ್ರೇಕ್ ಹೋಸ್, ಟೈಮಿಂಗ್ ಬೆಲ್ಟ್, ಟೈರು, ಸೀಟ್ ಬೆಲ್ಟ್ ಮಾತ್ರ ಹಳೆಯದು ಬೇಡ. ಡಬ್ಬಿ ಒಡೆಯದ ಹಳೆ ಕಂಪನಿ ಸ್ಟಾಕ್ ಎಂದು ಸಿಗುವ ಮಾಲು ಲೋಹದ್ದಾದರೆ ಚಿನ್ನ, ರಬ್ಬರಿನದ್ದಾದರೆ ಕಪಾಟಿನಲ್ಲೇ ಮುದಿಯಾಗಿರುತ್ತದೆ: 30 ವರ್ಷದ ಡಯಾಫ್ರಾಮ್, ಅಂದರೆ ತೆಳು ರಬ್ಬರ್ ಪೊರೆ, ಬಳಸುವ ಮೊದಲೇ ಬಿರುಕು ಬಿಟ್ಟಿರಬಹುದು. ಟೈರಿನ ವಯಸ್ಸು ತಿಳಿಯಲು ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಕೊನೆಯ 4 ಅಂಕೆ ನೋಡಿ. 3518 ಎಂದರೆ 2018ರ 35ನೇ ವಾರ. ಪೆಟ್ರೋಲ್ ಪೈಪು ಕೊಳ್ಳುವಾಗ ಎಥನಾಲ್ ತಡೆಯುವ ಜೆ30 ಆರ್9 ಗುರುತಿನದನ್ನೇ ಕೇಳಿ.

ಹೊಸದಾಗಿ ತಯಾರಿಸಿದ ನಕಲು ತಗಡು ಬಂದರೆ ಬಣ್ಣ ಹೊಡೆಯುವ ಮುನ್ನ ಕಾರಿಗೆ ಇಟ್ಟು ನೋಡಿ. ಬೋಲ್ಟಿನ ತೂತು ಕೂರದಿರುವುದು, ಸಂದು ಸಮವಾಗದಿರುವುದು ಮಾಮೂಲು. ಬಣ್ಣ ಬಿದ್ದ ಮಾಲನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಏನೂ ಸಿಗದಿದ್ದರೆ ಹಳೆಯದನ್ನೇ ಬದುಕಿಸುವ ದಾರಿಗಳಿವೆ. ಗುಳಿಬಿದ್ದ ವೀಲ್ ಸಿಲಿಂಡರಿಗೆ ಒಳಗೆ ಸ್ಟೀಲ್ ಅಥವಾ ಹಿತ್ತಾಳೆಯ ಕೊಳವೆ (ಸ್ಲೀವ್) ಕೂರಿಸಬಹುದು, ಬ್ರೇಕ್ ಶೂಗಳಿಗೆ ಲೈನಿಂಗ್ ಅಂಟಿಸಬಹುದು, ಡೈನಮೋ ರೀವೈಂಡ್ ಮಾಡಿಸಬಹುದು, ಬುಷ್‌ಗಳನ್ನು ಲೇತಿನಲ್ಲಿ ಕಡೆಸಬಹುದು. ಹಳೆ ಲೈನಿಂಗ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಆ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಮಾಡಿ ಒರೆಸಿ. ತುಕ್ಕು ಹಿಡಿದ ಚಿಕ್ಕ ಭಾಗಗಳನ್ನು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕೆಲವು ಗಂಟೆ ನೆನೆಸಿ, ಬ್ರಷ್ ಮಾಡಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಒಣಗಿಸಿ, ಕೂಡಲೇ ಎಣ್ಣೆ ಹಚ್ಚಿ. ಸ್ಪ್ರಿಂಗುಗಳನ್ನೂ ಗಟ್ಟಿ ಉಕ್ಕಿನ ಬೋಲ್ಟುಗಳನ್ನೂ ಆಮ್ಲಕ್ಕೆ ಹಾಕಬಾರದು, ಹೈಡ್ರೋಜನ್ ಒಳಸೇರಿ ಅವು ಪೆಡಸಾಗಿ ಮುರಿಯುತ್ತವೆ.

ಕೊಳ್ಳುವ ಕ್ರಮದಲ್ಲಿ ಹೊಳಪಿನ ಭಾಗ ಕೊನೆಗಿರಲಿ. ಗಾಜಿನ ಸುತ್ತಲಿನ ರಬ್ಬರ್ ಮತ್ತು ಬಾಗಿಲ ಬೀಡಿಂಗ್ ನೀರು ತಡೆಯುವುದರಿಂದ ಅವೇ ಮೊದಲು, ಆಮೇಲೆ ಬ್ರೇಕ್, ಸ್ಟಿಯರಿಂಗ್, ಪೆಟ್ರೋಲ್ ಪೈಪು. ಒಮ್ಮೆಗೆ ಒಂದೇ ವ್ಯವಸ್ಥೆ ಬಿಚ್ಚಿ, ಮುಗಿಸಿ, ಮುಂದಕ್ಕೆ ಹೋಗಿ. ಬಿಚ್ಚುವ ಮುನ್ನ ಫೋಟೋ ತೆಗೆದು, ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ದಾರದ ಚೀಟಿ ಕಟ್ಟಿ. ಅಂಟುಪಟ್ಟಿ ಒಣಗಿ ಉದುರುತ್ತದೆ. ಹೊಸ ಭಾಗ ಹಾಕಿದ ಮೇಲೂ ಹಳೆಯದನ್ನು ಎಸೆಯಬೇಡಿ. ನಕಲು ಭಾಗ ಬೇಗ ಕೆಟ್ಟರೆ ಅದನ್ನೇ ರಿಪೇರಿ ಮಾಡಿಸಿ ಹಾಕಬೇಕಾಗುತ್ತದೆ, ಮಾಡಿಸುವುದಾದರೆ ಲೇತಿನವರಿಗೆ ಕೊಡಬೇಕಾದ ಮಾದರಿಯೂ ಅದೇ.